ಕಾರಿನೊಳಗಿನ ಗಾಳಿ ಹಾಸಿಗೆ ರಾತ್ರಿ ಇಳಿದುಹೋದರೆ: ದೋಷ ನಿವಾರಣೆ ಕೈಪಿಡಿ

ಸಂಜೆ ಗಟ್ಟಿಯಾಗಿ ಊದಿಸಿ ಮಲಗಿದ ಹಾಸಿಗೆ ಬೆಳಗಿನ ಜಾವಕ್ಕೆ ಮೆತ್ತಗಾಗಿರುತ್ತದೆ. ಸೊಂಟ ಕಾರಿನ ನೆಲಕ್ಕೆ ತಾಗಿ ಎಚ್ಚರವಾಗುತ್ತದೆ. ತೂತು ಬಿದ್ದಿದೆ ಎಂದುಕೊಂಡು ಬಹಳ ಜನ ಆಗಲೇ ಅಂಟು, ಪ್ಯಾಚ್ ಹೊರತೆಗೆಯುತ್ತಾರೆ, ಇಲ್ಲದ ತೂತನ್ನು ಹುಡುಕುತ್ತ ಅರ್ಧ ದಿನ ಕಳೆಯುತ್ತಾರೆ. ಕ್ಯಾಂಪಿಂಗ್‌ನಲ್ಲಿ ಇಳಿಯುವ ಹಾಸಿಗೆಗಳಲ್ಲಿ ಎಷ್ಟೋ ಸಲ ಗಾಳಿ ಎಲ್ಲಿಗೂ ಹೋಗಿರುವುದಿಲ್ಲ. ಒಳಗೇ ತಣ್ಣಗಾಗಿ ಕುಗ್ಗಿರುತ್ತದೆ. ಹಾಗಾಗಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಮೊದಲು ಎಷ್ಟು ಹೊತ್ತಿಗೆ ಇಳಿಯಿತು ಎಂದು ನೆನಪಿಸಿಕೊಳ್ಳಿ. ರೋಗದ ಅರ್ಧ ಪತ್ತೆ ಅಲ್ಲೇ ಆಗುತ್ತದೆ.

ಇಳಿದ ಹೊತ್ತು ಹೇಳುವುದೇನು

ಮಲಗಿದ ಅರ್ಧ ಗಂಟೆಯೊಳಗೆ ಇಳಿದರೆ ವಾಲ್ವ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕಣ್ಣಿಗೆ ಕಾಣುವಷ್ಟು ದೊಡ್ಡ ಸೀಳು ಇದೆ. ಎರಡು ಮೂರು ಗಂಟೆಯಲ್ಲಿ ನಿಧಾನವಾಗಿ ಇಳಿದರೆ ಸೂಜಿಮೊನೆಯಷ್ಟು ತೂತು, ಅಥವಾ ಅಂಚಿನ ಬೆಸುಗೆ ಬಿಟ್ಟಿದೆ, ಅಥವಾ ವಾಲ್ವಿನ ವಾಶರ್ ಮೇಲೆ ಮರಳಿನ ಕಣ ಕೂತಿದೆ. ನಡುರಾತ್ರಿಯವರೆಗೆ ಚೆನ್ನಾಗಿದ್ದು ಚಳಿ ಏರಿದ ಮೇಲಷ್ಟೇ ಮೆತ್ತಗಾದರೆ ಅದು ತಂಪಿನ ಕೆಲಸ. ಮನೆಯಲ್ಲಿ ರಾತ್ರಿಯಿಡೀ ನಿಂತ ಹಾಸಿಗೆ ಕಾರಿನಲ್ಲಿ ಮಾತ್ರ ಇಳಿದರೂ ಮೊದಲ ಅನುಮಾನ ತಂಪಿನ ಮೇಲೇ ಇರಲಿ. ಒಂದು ಪಕ್ಕ ಮಾತ್ರ ಇಳಿದು ಇನ್ನೊಂದು ಪಕ್ಕ ಗಟ್ಟಿಯಾಗಿದ್ದರೆ, ಎರಡು ಕೋಣೆಯ (ಒಳಗೆ ಗಾಳಿ ಎರಡು ಬೇರೆ ಭಾಗಗಳಲ್ಲಿ ನಿಲ್ಲುವ) ಹಾಸಿಗೆಯಾದರೆ ಆ ಪಕ್ಕದ ಕೋಣೆ ಸೋರುತ್ತಿದೆ. ಒಂದೇ ಕೋಣೆಯದಾದರೆ ಕಾರು ಓರೆಯಾಗಿ ನಿಂತಿದೆ.

ಸಂಶಯ ಉಳಿದರೆ ಒಂದು ಪರೀಕ್ಷೆ ಮಾಡಿ. ಬೆಳಗ್ಗೆ, ಉಷ್ಣತೆ ಹೆಚ್ಚು ಏರಿಳಿಯದ ಕೋಣೆಯಲ್ಲಿ ಹಾಸಿಗೆಯನ್ನು ಊದಿಸಿ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಗಾಳಿ ತುಂಬಿ ಬಿಗಿ ಮಾಡಿ. ಮೇಲೆ ಒಂದು ಹಲಗೆ, ಅದರ ಮೇಲೆ ಸುಮಾರು 20 ಕಿಲೋ ಭಾರ ಇಟ್ಟು, ಹಲಗೆಯ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನಾಲ್ಕೂ ಮೂಲೆಯಲ್ಲಿ ಅಳೆದು ಬರೆದಿಡಿ. ಎಂಟು ಗಂಟೆಯ ನಂತರ ಅದೇ ಉಷ್ಣತೆಯಲ್ಲಿ ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರಿನೊಳಗೆ ವ್ಯತ್ಯಾಸವಿದ್ದರೆ ಹಾಸಿಗೆಗೆ ದೋಷವಿಲ್ಲ, ಅಂಟಿನ ಡಬ್ಬಿ ಮುಚ್ಚಿಡಿ. ಮೂರು ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ ಮಾತ್ರ ತೂತು ಹುಡುಕಲು ಹೊರಡಿ.

ತಂಪಿಗೆ ಇಳಿಯುವುದು

ಕಾರಿನ ಟೈರಿನಲ್ಲಿ 30 ಪಿಎಸ್‌ಐ ಆಸುಪಾಸಿನ ಒತ್ತಡ ಇರುತ್ತದೆ. ಗಾಳಿ ಹಾಸಿಗೆಯಲ್ಲಿ ಇರುವುದು ಅರ್ಧದಿಂದ ಒಂದು ಪಿಎಸ್‌ಐ ಅಷ್ಟೆ. ಇಷ್ಟು ಸಣ್ಣ ಒತ್ತಡದ ಮೇಲೆಯೇ ನಮ್ಮ ಮೈಭಾರ ನಿಂತಿರುತ್ತದೆ. ಸಂಜೆ ಕಾರಿನೊಳಗೆ 28 ಡಿಗ್ರಿ ಸೆಲ್ಸಿಯಸ್ ಇದ್ದು ಬೆಳಗಿನ ಜಾವ 12 ಡಿಗ್ರಿಗೆ ಇಳಿದರೆ, ಒಳಗಿನ ಗಾಳಿಯ ಒತ್ತಡ ಸುಮಾರು ಶೇಕಡಾ 5 ಕಡಿಮೆಯಾಗುತ್ತದೆ. ಶೇಕಡಾ 5 ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಈ ಲೆಕ್ಕ ವಾತಾವರಣದ ಒತ್ತಡವೂ ಸೇರಿದ ಒಟ್ಟು ಒತ್ತಡದ ಮೇಲೆ, ಅಂದರೆ 15 ಪಿಎಸ್‌ಐ ಮೇಲೆ ನಡೆಯುತ್ತದೆ. ಅದರಲ್ಲಿ ಶೇಕಡಾ 5 ಎಂದರೆ ಮುಕ್ಕಾಲು ಪಿಎಸ್‌ಐ. ಹಾಸಿಗೆಯನ್ನು ಬಿಗಿಯಾಗಿ ಹಿಡಿದಿದ್ದ ಒತ್ತಡದ ಬಹುಪಾಲು ಹಾಗೇ ಮಾಯವಾಗುತ್ತದೆ. ಬೇರೆ ರೀತಿಯಲ್ಲಿ ಹೇಳುವುದಾದರೆ, 180 ಸೆಂ.ಮೀ. ಉದ್ದ, 120 ಅಗಲ, 15 ದಪ್ಪದ ಹಾಸಿಗೆಯಲ್ಲಿ ಸುಮಾರು 320 ಲೀಟರ್ ಗಾಳಿ ಹಿಡಿಯುತ್ತದೆ; ಈ ಚಳಿಗೆ ಅದರಲ್ಲಿ 17 ಲೀಟರಿನಷ್ಟು, ಒಂದು ದೊಡ್ಡ ಕೊಡದಷ್ಟು, ಕುಗ್ಗುತ್ತದೆ.

ಪರಿಹಾರ ಸುಲಭ. ಹಾಸಿಗೆಯನ್ನು ಮಧ್ಯಾಹ್ನ ಊದಿಸಿದ್ದರೂ ಮಲಗುವ ಹತ್ತು ನಿಮಿಷ ಮೊದಲು, ಹೊತ್ತು ಮುಳುಗಿ ತಂಪಾದ ಮೇಲೆ, ಮತ್ತೊಮ್ಮೆ ಗಾಳಿ ತುಂಬಿ. ಚಳಿ ಹೆಚ್ಚಿರುವ ಜಾಗವಾದರೆ ನಿಮಗೆ ಹಿತವೆನಿಸುವುದಕ್ಕಿಂತ ಸ್ವಲ್ಪ ಬಿಗಿಯಾಗಿಯೇ ಇಡಿ, ನಡುರಾತ್ರಿಯ ಹೊತ್ತಿಗೆ ಅದು ಹದಕ್ಕೆ ಬರುತ್ತದೆ. ಕೈಯಿಂದ ಅಥವಾ ಕಾಲಿಂದ ಒತ್ತುವ ಸಣ್ಣ ಪಂಪನ್ನು ತಲೆದೆಸೆಯಲ್ಲೇ ಇಟ್ಟುಕೊಳ್ಳಿ. ಮೋಟಾರ್ ಪಂಪಿನ ಸದ್ದು ಪಕ್ಕದಲ್ಲಿ ಮಲಗಿದವರನ್ನಷ್ಟೇ ಅಲ್ಲ, ಪಕ್ಕದ ಗುಡಾರದವರನ್ನೂ ಎಬ್ಬಿಸುತ್ತದೆ.

ಬಾಯಿಂದ ಊದಿದ ಹಾಸಿಗೆ ಇನ್ನೂ ಬೇಗ ಮೆತ್ತಗಾಗುತ್ತದೆ, ಏಕೆಂದರೆ ಉಸಿರು ಬೆಚ್ಚಗಿರುತ್ತದೆ. ಜೊತೆಗೆ ಉಸಿರಿನ ತೇವ ಒಳಗೇ ಉಳಿದು ಬೂಸ್ಟು ಕಟ್ಟುತ್ತದೆ. ಅದನ್ನು ತೊಳೆಯುವ ದಾರಿಯೇ ಇಲ್ಲ.

ಹೊಸ ಹಾಸಿಗೆಗೆ ಇನ್ನೊಂದು ಕಾರಣ ಇದೆ. ಪಿವಿಸಿ ಹಾಳೆ ಮೊದಲ ಕೆಲವು ಸಲ ಊದಿಸಿದಾಗ ಹಿಗ್ಗುತ್ತದೆ. ಗಾಳಿ ಅಷ್ಟೇ, ಚೀಲ ದೊಡ್ಡದಾಯಿತು, ಆದ್ದರಿಂದ ಮೆತ್ತಗಾಯಿತು. ಹೊರಡುವ ಎರಡು ಮೂರು ದಿನ ಮೊದಲೇ ಮನೆಯಲ್ಲಿ ಊದಿಸಿ ಒಂದು ಹಗಲು ಒಂದು ರಾತ್ರಿ ಬಿಡಿ, ನಡುವೆ ಎರಡು ಸಲ ಗಾಳಿ ತುಂಬಿ. ಡಬ್ಬ ತೆರೆದು ನೇರ ಕಾರಿಗೆ ಹಾಕಿದ ಹಾಸಿಗೆ ಮೊದಲ ರಾತ್ರಿಯೇ ನಿರಾಸೆ ಮಾಡುವುದು ಇದೇ ಕಾರಣಕ್ಕೆ.

ವಾಲ್ವ್

ತಂಪು ಅಲ್ಲ ಎಂದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ವಾಲ್ವ್. ಹಾಳೆ ನೋಡಲು ಹೋಗಬೇಡಿ. ದಿನವೂ ತೆಗೆದು ಹಾಕುವ ಭಾಗ ಅದೊಂದೇ, ಮರಳು ಮಣ್ಣಿನ ಮೇಲೆ ಬಿಚ್ಚಿ ಇಡುವುದೂ ಅದನ್ನೇ.

ಹೆಚ್ಚಿನ ಹಾಸಿಗೆಗಳಲ್ಲಿ ವಾಲ್ವ್ ಎರಡು ಹಂತದ್ದು. ಹೊರಗಿನ ಮುಚ್ಚಳ ತಿರುಪಿ ಬಿಚ್ಚಿದರೆ ಒಳಗೆ ತೆಳ್ಳನೆಯ ರಬ್ಬರ್ ಅಥವಾ ಸಿಲಿಕೋನ್ ಪರೆ ಕಾಣುತ್ತದೆ. ಗಾಳಿ ಒಳಗೆ ಬರುವಾಗ ಅದು ಬಾಗಿ ದಾರಿ ಬಿಡುತ್ತದೆ, ಹೊರಗೆ ಹೋಗಲು ಬಂದಾಗ ಒತ್ತಿಕೊಂಡು ಮುಚ್ಚುತ್ತದೆ. ಈ ಪರೆಯ ಅಂಚನ್ನು ಟಾರ್ಚ್ ಹಿಡಿದು ನೋಡಿ. ಒಂದು ತಲೆಗೂದಲು, ಒಂದು ಮರಳಿನ ಕಣ, ಹೊದಿಕೆಯ ಒಂದು ನೂಲಿನೆಳೆ ಅಡ್ಡ ಬಿದ್ದಿದ್ದರೂ ಪರೆ ಅಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ರಾತ್ರಿಯಿಡೀ ಅಲ್ಲಿಂದ ಗಾಳಿ ಹೋಗುತ್ತಿರುತ್ತದೆ. ಒದ್ದೆ ಬಟ್ಟೆಯ ತುದಿಯಿಂದ ಪರೆಯ ಕೆಳಗೂ ಮೇಲೂ ಒರೆಸಿ. ರಬ್ಬರ್ ಪರೆ ಒಣಗಿ ಬಿರುಸಾಗಿದ್ದರೆ ಸಿಲಿಕೋನ್ ಗ್ರೀಸ್ ಒಂದು ಅಕ್ಕಿಕಾಳಿನಷ್ಟು ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ರಬ್ಬರನ್ನು ಕಾಲಕ್ರಮದಲ್ಲಿ ಉಬ್ಬಿಸಿ ಕೆಡಿಸುತ್ತದೆ.

ಮುಚ್ಚಳದ ಒಳಗಿನ ವಾಶರ್ ಕೂಡ ನೋಡಿ. ಅದು ಸುಕ್ಕಾಗಿ ಒಂದು ಕಡೆ ಮೇಲೆದ್ದಿದ್ದರೆ ಎಷ್ಟು ತಿರುಪಿದರೂ ಮುಚ್ಚುವುದಿಲ್ಲ. ಬಲ ಹಾಕಿ ತಿರುಪಿದರೆ ಮರೆ (ತಿರುಪಿನ ಸುರುಳಿ ಗೆರೆ) ಅಡ್ಡ ಹೋಗಿ ಇಡೀ ವಾಲ್ವ್ ಹಾಳಾಗುತ್ತದೆ. ಮೊದಲು ಎಡಕ್ಕೆ ತಿರುಗಿಸುತ್ತ ಹೋಗಿ. ಮರೆ ತನ್ನ ಜಾಗಕ್ಕೆ ಇಳಿದಾಗ ಒಂದು ಸಣ್ಣ ಟಕ್ ಕೈಗೆ ತಿಳಿಯುತ್ತದೆ. ಆಮೇಲೆ ಬಲಕ್ಕೆ ತಿರುಪಿ.

ಒಳಗೇ ಮೋಟಾರ್ ಇರುವ ಹಾಸಿಗೆಯಾದರೆ ಗುಂಡಿಯನ್ನು ಊದುವ, ಖಾಲಿ ಮಾಡುವ ಎರಡು ಗುರುತುಗಳ ನಡುವೆ ಸರಿಯಾಗಿ ನಿಲ್ಲಿಸಿದ್ದೀರಾ ನೋಡಿ. ಸ್ವಲ್ಪ ಆಚೀಚೆ ನಿಂತರೂ ಒಳಬಾಗಿಲು ಅರ್ಧ ತೆರೆದಿರುತ್ತದೆ.

ವಾಲ್ವ್ ಮುಚ್ಚಿ, ಮೇಲೆ ಸೋಪಿನ ನೊರೆ ಬಿಟ್ಟು ಒಂದು ನಿಮಿಷ ನೋಡಿ. ಗುಳ್ಳೆ ಏಳದಿದ್ದರೆ ವಾಲ್ವ್ ಸರಿಯಿದೆ. ವಾಲ್ವಿನ ಬುಡ ಹಾಳೆಗೆ ಸೇರುವ ಉಂಗುರದ ಸುತ್ತಲೂ ನೊರೆ ಹಾಕುವುದನ್ನು ಮರೆಯಬೇಡಿ. ಪಂಪಿನ ಕೊಳವೆಯನ್ನು ಜಗ್ಗಿ ಎಳೆಯುವ ಅಭ್ಯಾಸ ಇದ್ದವರ ಹಾಸಿಗೆ ಅಲ್ಲೇ ಬಿಡುತ್ತದೆ.

ಸೂಜಿಮೊನೆ ತೂತು ಹುಡುಕುವುದು

ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಸಾಕು. ನೊರೆ ಅತಿಯಾದರೆ ತೂತಿನ ಗುಳ್ಳೆ ಯಾವುದು, ನಾವೇ ಎಬ್ಬಿಸಿದ ಗುಳ್ಳೆ ಯಾವುದು ತಿಳಿಯುವುದಿಲ್ಲ.

ಹಾಸಿಗೆಯನ್ನು ಸಾಮಾನ್ಯಕ್ಕಿಂತ ತುಸು ಬಿಗಿಯಾಗಿ ಊದಿಸಿ, ಫ್ಯಾನ್ ಆರಿಸಿ, ಸದ್ದಿಲ್ಲದ ಕಡೆ ಇಡಿ. ಮೊದಲು ಕಿವಿಯ ಕೆಲಸ: ಒಬ್ಬರು ಮೇಲೆ ಮಂಡಿಯೂರಿ ಒತ್ತಲಿ, ಇನ್ನೊಬ್ಬರು ಅಂಚಿನುದ್ದಕ್ಕೂ ಕಿವಿ ಹಿಡಿದು ಹೋಗಲಿ. ಸಣ್ಣ ಸುಯ್ ಸದ್ದು ಕೇಳಿಸಿದರೂ ಜಾಗ ಸಿಗದಿದ್ದರೆ ತುಟಿ ಒದ್ದೆ ಮಾಡಿಕೊಂಡು ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಸರಿಸಿ. ಬೆರಳಿಗೆ ತಿಳಿಯದ ಗಾಳಿ ಒದ್ದೆ ತುಟಿಗೆ ತಂಪಾಗಿ ತಟ್ಟುತ್ತದೆ.

ಆಮೇಲೆ ಸೋಪಿನ ನೀರು. ಇಡೀ ಹಾಸಿಗೆಗೆ ಒಂದೇ ಸಲ ಎರಚಬೇಡಿ. ಸೀಮೆಸುಣ್ಣದಲ್ಲಿ ಆರು ಅಥವಾ ಎಂಟು ಚೌಕ ಮಾಡಿಕೊಂಡು ಒಂದೊಂದಕ್ಕೆ ಸಿಂಪಡಿಸಿ ಅರ್ಧ ನಿಮಿಷ ಕಾಯಿರಿ. ಅಡಿಭಾಗದಿಂದ ಶುರು ಮಾಡಿ, ಏಕೆಂದರೆ ಕಾರಿನಲ್ಲಿ ಚುಚ್ಚುವ ವಸ್ತುಗಳೆಲ್ಲ ಇರುವುದು ಕೆಳಗೆ. ನಂತರ ಅಂಚಿನ ಬೆಸುಗೆ, ಕೊನೆಗೆ ಮೇಲ್ಭಾಗ. ಮೇಲೆ ಮಖಮಲ್ಲಿನಂಥ ಹೊದಿಕೆ ಇದ್ದರೆ ಗಾಳಿ ಆ ಎಳೆಗಳ ನಡುವೆ ಹರಿದು ತೂತಿನಿಂದ ಎರಡು ಮೂರು ಸೆಂ.ಮೀ. ಆಚೆ ಗುಳ್ಳೆಯಾಗಿ ಏಳಬಹುದು. ಅಲ್ಲಿ ಸ್ಪಂಜಿನಿಂದ ದಪ್ಪ ನೊರೆ ಒತ್ತಿ ಹಚ್ಚಿ, ಗುಳ್ಳೆ ಎದ್ದ ಜಾಗವನ್ನು ಒರೆಸಿ ಮತ್ತೊಮ್ಮೆ ನೋಡಿ. ಸೂಜಿಮೊನೆ ತೂತಿನಲ್ಲಿ ಬರುವುದು ದೊಡ್ಡ ಗುಳ್ಳೆಯಲ್ಲ. ಸಾಸಿವೆ ಕಾಳಿನಂಥ ಬಿಳಿ ಗುಳ್ಳೆಗಳು ಒಂದರ ಮೇಲೊಂದು ಕೂತು ಸಣ್ಣ ಹೂವಿನ ಹಾಗೆ ಬೆಳೆಯುತ್ತವೆ. ಸಿಕ್ಕಿದ ಕೂಡಲೇ ಒರೆಸಿ, ಅಳಿಸಿಹೋಗದ ಪೆನ್ನಿನಿಂದ ಸುತ್ತಲೂ ದೊಡ್ಡದಾಗಿ ಗುರುತು ಹಾಕಿ. ಗಾಳಿ ಬಿಟ್ಟ ಮೇಲೆ ಆ ತೂತು ಕಣ್ಣಿಗೆ ಬೀಳುವುದಿಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ. ಮಡಿಕೆಯಾಗಿ ಇಟ್ಟಿದ್ದಾಗ ಚುಚ್ಚಿಕೊಂಡಿದ್ದರೆ ಒಂದೇ ಮುಳ್ಳು ಎರಡು ಮೂರು ಪದರ ದಾಟಿರುತ್ತದೆ.

ಪ್ಯಾಚ್ ಹಾಕುವುದು

ಸೈಕಲ್ ಟ್ಯೂಬಿನ ಪ್ಯಾಚ್ ಮತ್ತು ಸೊಲ್ಯೂಶನ್ ಪಿವಿಸಿಗೆ ನಿಲ್ಲುವುದಿಲ್ಲ. ಅದು ರಬ್ಬರಿಗೆಂದು ಮಾಡಿದ್ದು. ಚಿಟಿಕೆಯಲ್ಲಿ ಹಿಡಿಯುವ ಸೂಪರ್ ಗ್ಲೂ ಕೂಡ ಬೇಡ. ಒಣಗಿದ ಮೇಲೆ ಗಾಜಿನಂತೆ ಬಿರುಸಾಗುತ್ತದೆ, ಹಾಸಿಗೆ ಬಾಗಿದಾಗ ಬಿರುಕು ಬಿಟ್ಟು ತೂತನ್ನು ದೊಡ್ಡದು ಮಾಡುತ್ತದೆ. ಪಿವಿಸಿ ಹಾಸಿಗೆಗೆ ವಿನೈಲ್ ಅಂಟು, ಟಿಪಿಯು (ಪಾಲಿಯುರೆಥೇನ್ ಜಾತಿಯ ಪ್ಲಾಸ್ಟಿಕ್) ಹಾಸಿಗೆಗೆ ಪಾಲಿಯುರೆಥೇನ್ ಅಂಟು. ಯಾವುದೆಂದು ಹಾಸಿಗೆಯ ಮೂಲೆಯ ಚೀಟಿಯಲ್ಲಿ ಬರೆದಿರುತ್ತದೆ.

ಹಾಸಿಗೆಯ ಗಾಳಿ ಪೂರ್ತಿ ತೆಗೆಯಿರಿ, ವಾಲ್ವ್ ತೆರೆದೇ ಇರಲಿ. ಒಳಗೆ ಸ್ವಲ್ಪ ಗಾಳಿ ಉಳಿದರೂ ಅದು ಹಸಿ ಅಂಟಿನ ಮೂಲಕ ಹೊರಬಂದು ದಾರಿ ಮಾಡಿಕೊಳ್ಳುತ್ತದೆ. ಮಖಮಲ್ಲಿನ ಭಾಗವಾದರೆ ನುಣುಪಾದ ಉಪ್ಪುಕಾಗದದಿಂದ ಪ್ಯಾಚಿನ ಅಗಲಕ್ಕೆ ಆ ಎಳೆಗಳನ್ನೆಲ್ಲ ಉಜ್ಜಿ ತೆಗೆದು ಹೊಳಪಿಲ್ಲದ ಪ್ಲಾಸ್ಟಿಕ್ ಕಾಣುವಂತೆ ಮಾಡಿ. ಬಹಳಷ್ಟು ಪ್ಯಾಚ್‌ಗಳು ಕಿತ್ತುಬರುವುದು ಇಷ್ಟನ್ನು ಮಾಡದೆ ಎಳೆಗಳ ಮೇಲೇ ಅಂಟಿಸಿದ್ದಕ್ಕೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಪ್ಯಾಚನ್ನು ತೂತಿನಿಂದ ಎಲ್ಲ ಕಡೆಗೂ 2ರಿಂದ 3 ಸೆಂ.ಮೀ. ಆಚೆ ಬರುವಂತೆ ದುಂಡಗೆ ಕತ್ತರಿಸಿ, ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಅಂಟನ್ನು ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ನಡುವಿನಿಂದ ಅಂಚಿನ ಕಡೆಗೆ ಚಮಚದ ಬೆನ್ನಿನಿಂದ ಒತ್ತುತ್ತ ಗಾಳಿಗುಳ್ಳೆ ಹೊರಗೆ ತಳ್ಳಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಪ್ಪಟೆ ಭಾರ. ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ ಮುಟ್ಟಬೇಡಿ. ವಿನೈಲ್ ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಕಾರಿನೊಳಗೆ ಕೂತು ಈ ಕೆಲಸ ಮಾಡಬೇಡಿ.

ರಾತ್ರಿಯ ಮಟ್ಟಿಗೆ ನಡೆಯಬೇಕೆಂದರೆ ಒರೆಸಿ ಒಣಗಿಸಿದ ಜಾಗಕ್ಕೆ ಒಳ್ಳೆಯ ಬಟ್ಟೆಯ ಟೇಪು ಹಾಕಿ, ಆ ಭಾಗವನ್ನು ಕೆಳಗೆ ಮಾಡಿ ಮಲಗಿ. ಬೆಳಗಿನವರೆಗೆ ತಡೆಯಬಹುದು. ಟೇಪಿನ ಗೋಂದು ಉಳಿದರೆ ಮುಂದೆ ಪ್ಯಾಚ್ ಹಿಡಿಯುವುದಿಲ್ಲ, ಆದ್ದರಿಂದ ಮನೆಗೆ ಬಂದ ಕೂಡಲೇ ಕಿತ್ತು ಒರೆಸಿ. ಅಂಚಿನ ಬೆಸುಗೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಬಿಟ್ಟಿದ್ದರೆ ಅಂಟಿನ ಮೇಲೆ ಭರವಸೆ ಇಡಬೇಡಿ. ಮಲಗಿದಾಗ ಅತಿ ಹೆಚ್ಚು ಎಳೆತ ಬೀಳುವ ಜಾಗವೇ ಅದು.

ತೂತು ಮುಚ್ಚಿದ ಮೇಲೆ ಅದು ಬಿದ್ದದ್ದು ಎಲ್ಲಿಂದ ಎಂದು ಕಾರಿನಲ್ಲಿ ಹುಡುಕಿ. ಸೀಟು ಮಡಚಿದ ಮೇಲೆ ನೆಲದುದ್ದಕ್ಕೂ ಅಂಗೈ ಸವರಿ ನೋಡಿ: ಸೀಟ್‌ಬೆಲ್ಟಿನ ಬಕಲ್, ಸಾಮಾನು ಕಟ್ಟುವ ಕೊಕ್ಕೆ, ಮಕ್ಕಳ ಸೀಟಿನ ಕೊಂಡಿ, ಸೀಟಿನ ಹಿಂಜು, ಪಕ್ಕದ ಪ್ಲಾಸ್ಟಿಕ್‌ನ ಚೂಪು ಅಂಚು, ಶೂಗಳಿಂದ ಉದುರಿದ ಜಲ್ಲಿ. ಗುಡಿಸಿ, ಬಕಲ್‌ಗಳನ್ನು ಸೀಟಿನ ಸಂದಿಗೆ ತಳ್ಳಿ, ಕೊಕ್ಕೆಗಳ ಮೇಲೆ ಹಳೆಯ ಕಾಲುಚೀಲ ತೊಡಿಸಿ, ಆಮೇಲೆ ದಪ್ಪ ಜಮಖಾನ ಅಥವಾ ಯೋಗಾ ಮ್ಯಾಟ್ ಹಾಸಿ. ಹಾಸಿಗೆ ಉಜ್ಜಿ ಕಿರ್ ಕಿರ್ ಎನ್ನುವುದೂ ಇದರಿಂದ ನಿಲ್ಲುತ್ತದೆ.

ಪಂಪು ಓಡುತ್ತಿಲ್ಲ, ಅಥವಾ ಓಡಿದರೂ ತುಂಬುತ್ತಿಲ್ಲ

ಲೈಟರ್ ಸಾಕೆಟ್‌ಗೆ ಹಾಕಿದ ಪಂಪು ಸುಮ್ಮನಿದ್ದರೆ ಕೀ ತಿರುಗಿಸಿ ನೋಡಿ. ಹಲವು ಕಾರುಗಳಲ್ಲಿ ಕೀ ಇಲ್ಲದೆ ಆ ಸಾಕೆಟ್‌ಗೆ ಕರೆಂಟು ಬರುವುದಿಲ್ಲ. ಕೀ ತಿರುಗಿಸಿದರೂ ಇಲ್ಲವೆಂದರೆ ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ. ಅದೂ ಸತ್ತಿದ್ದರೆ ಫ್ಯೂಸ್ ಹೋಗಿದೆ. ಆ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರಿನದು. ಪಂಪಿನ ಮೇಲೆ ಬರೆದ ವ್ಯಾಟನ್ನು 12ರಿಂದ ಭಾಗಿಸಿ, ಬಂದ ಆಂಪಿಯರ್ ಫ್ಯೂಸಿಗಿಂತ ಕಡಿಮೆಯಿದೆಯೇ ನೋಡಿ. ಹೋದ ಫ್ಯೂಸಿನ ಜಾಗಕ್ಕೆ ದೊಡ್ಡದನ್ನು ಹಾಕಿದರೆ ವೈರು ಸುಡುತ್ತದೆ, ಅಷ್ಟೇ ಆಂಪಿಯರಿನದನ್ನೇ ಹಾಕಿ.

ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಹಾಸಿಗೆ ತುಂಬಲು ಹೋದರೆ ಎರಡು ತೊಂದರೆ. ಅದು ಹೆಚ್ಚು ಒತ್ತಡಕ್ಕೆ ಸ್ವಲ್ಪ ಸ್ವಲ್ಪ ಗಾಳಿ ಕೊಡುವ ಯಂತ್ರ. ನಿಮಿಷಕ್ಕೆ 30 ಲೀಟರ್ ಕೊಡುವ ಕಂಪ್ರೆಸರಾದರೆ 320 ಲೀಟರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡದೆ ಓಡಬೇಕು, ಸಿಲಿಂಡರ್ ಕಾದು ಹೋಗುತ್ತದೆ. ಜೊತೆಗೆ ಅದರ ಮುಳ್ಳು ಅರ್ಧ ಪಿಎಸ್‌ಐ ಅನ್ನು ತೋರಿಸುವುದೇ ಇಲ್ಲ. ಸೊನ್ನೆಯಲ್ಲೇ ಇದೆ ಎಂದು ನೀವು ನೋಡುತ್ತಿರುವಾಗಲೇ ಒಳಗಿನ ಬೆಸುಗೆ ಹರಿದಿರುತ್ತದೆ.

ಪಂಪು ಜೋರಾಗಿ ಓಡಿ ಹಾಸಿಗೆ ಮುಕ್ಕಾಲಿಗೆ ನಿಂತರೆ ಮೂತಿ ವಾಲ್ವಿಗೆ ಸರಿಯಾಗಿ ಕೂತಿಲ್ಲ, ಅಥವಾ ಹಾಸಿಗೆ ಪಕ್ಕದ ಚಕ್ರದ ಉಬ್ಬುಗಳ ನಡುವೆ ಸಿಕ್ಕಿಕೊಂಡಿದೆ.

ಗಾಳಿ ನಿಂತಿದೆ, ನಿದ್ದೆ ಬರುತ್ತಿಲ್ಲ

ಭುಜ ಜೋಮು ಹಿಡಿದರೆ ಗಾಳಿ ಹೆಚ್ಚು. ಸೊಂಟ ನೋಯುತ್ತ ಎದ್ದರೆ ಕಡಿಮೆ. ಹದ ನೋಡುವ ಕ್ರಮ ಹೀಗೆ: ಪೂರ್ತಿ ಬಿಗಿ ಮಾಡಿ, ಮಗ್ಗುಲಾಗಿ ಮಲಗಿ, ಜೊತೆಯವರು ವಾಲ್ವನ್ನು ಒಂದೆರಡು ಸೆಕೆಂಡ್ ಒತ್ತಿ ಒತ್ತಿ ಬಿಡಲಿ. ಸೊಂಟ ಮತ್ತು ಭುಜ ಇಳಿದು ಬೆನ್ನುಹುರಿ ನೆಟ್ಟಗಾದಲ್ಲಿ ನಿಲ್ಲಿಸಿ. ಆಗ ಹಾಸಿಗೆಯ ನಡುವೆ ಕುಳಿತರೂ ಕುಂಡಿ ನೆಲಕ್ಕೆ ತಾಗಬಾರದು, ಇನ್ನೂ ಎರಡು ಮೂರು ಸೆಂಟಿಮೀಟರ್ ಉಳಿದಿರಬೇಕು. ತಾಗಿದರೆ ಆ ದಪ್ಪದ ಹಾಸಿಗೆ ನಿಮ್ಮ ಭಾರಕ್ಕೆ ಸಾಲದು.

ಇಬ್ಬರು ಮಲಗಿ ಮಧ್ಯಕ್ಕೆ ಜಾರಿ ಒತ್ತರಿಸಿಕೊಳ್ಳುತ್ತಿದ್ದರೆ, ಒಬ್ಬರು ಹೊರಳಿದಾಗ ಇನ್ನೊಬ್ಬರು ಮೇಲೇಳುತ್ತಿದ್ದರೆ, ಒಂದೇ ಕೋಣೆಯ ಹಾಸಿಗೆಯಲ್ಲಿ ಅದಕ್ಕೆ ಮದ್ದಿಲ್ಲ. ಗಾಳಿ ಹೆಚ್ಚಿಸಿದರೆ ತುಸು ಕಡಿಮೆಯಾದೀತು. ಎರಡು ಬೇರೆ ಬೇರೆ ಒಂಟಿ ಹಾಸಿಗೆಗಳನ್ನು ಪಟ್ಟಿಯಿಂದ ಬಿಗಿದು ಕಟ್ಟುವುದು ಒಳ್ಳೆಯದು. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ.

ಹಾಸಿಗೆಯ ನಡುವೆ ಉಬ್ಬಿ ಅಂಚು ಮೇಲಕ್ಕೆ ಬಾಗಿದ್ದರೆ ಅದು ಕಾರಿಗಿಂತ ಅಗಲವಾಗಿದೆ. ಅಳೆಯಬೇಕಾದದ್ದು ಬಾಗಿಲಿನಿಂದ ಬಾಗಿಲಿಗೆ ಅಲ್ಲ, ಹಿಂದಿನ ಚಕ್ರಗಳ ಉಬ್ಬುಗಳ ನಡುವೆ, ಅಲ್ಲಿಂದಲೂ ಒಂದಿಷ್ಟು ಕಡಿಮೆ ಅಗಲದ್ದು ಬೇಕು. ಸೀಟು ಮಡಚಿದಾಗ ಡಿಕ್ಕಿಯ ನೆಲಕ್ಕೂ ಸೀಟಿನ ಬೆನ್ನಿಗೂ ನಡುವೆ ಮೆಟ್ಟಿಲು ಉಳಿದಿದ್ದರೆ ಗಾಳಿ ಹಾಸಿಗೆ ಅದನ್ನು ಮುಚ್ಚುವುದಿಲ್ಲ, ಅದರ ಆಕಾರವನ್ನೇ ತಾಳುತ್ತದೆ. ತಗ್ಗಿಗೆ ಮಡಚಿದ ಹೊದಿಕೆ ತುಂಬಿ, ಮೇಲೆ 9 ಅಥವಾ 12 ಮಿ.ಮೀ. ಪ್ಲೈವುಡ್ ಹಲಗೆ ಇಡಿ. ಮುಂದಿನ ಸೀಟಿನ ಹಿಂದಿನ ಕಾಲಿಡುವ ಗುಂಡಿಗೆ ಗಟ್ಟಿ ಪೆಟ್ಟಿಗೆ ಇಟ್ಟು ಸಮ ಮಾಡಿ. ಬ್ಯಾಗು ಇಟ್ಟರೆ ತಲೆಯ ಭಾರಕ್ಕೆ ರಾತ್ರಿ ಕುಸಿಯುತ್ತದೆ.

ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಮೈಗೆ ತಿಳಿಯುತ್ತದೆ. ಊದಿಸುವ ಮೊದಲೇ ಫೋನಿನ ಲೆವೆಲ್ಲನ್ನು ಡಿಕ್ಕಿಯ ನೆಲದಲ್ಲಿ ಇಟ್ಟು ನೋಡಿ. ಒಂದು ಡಿಗ್ರಿ ಸರಿಪಡಿಸಲು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಅಂತರವಿರುವ ಕಾರಿನಲ್ಲಿ ತಗ್ಗಿನ ಕಡೆಯ ಎರಡೂ ಚಕ್ರದ ಕೆಳಗೆ ಸುಮಾರು 4.5 ಸೆಂ.ಮೀ. ದಪ್ಪದ ಹಲಗೆ ಬೇಕು. ಹಲಗೆ ಇಲ್ಲದಿದ್ದರೆ ತಲೆ ಎತ್ತರದ ಕಡೆಗೆ ಮಾಡಿ ಮಲಗಿ. ಉದ್ದದ ಇಳಿಜಾರು ತಡೆದುಕೊಳ್ಳಬಹುದು, ಅಡ್ಡ ಇಳಿಜಾರಿನಲ್ಲಿ ರಾತ್ರಿಯಿಡೀ ಉರುಳುತ್ತೀರಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟ ಮೇಲೇ ಒಳಗೆ ಹೋಗಿ.

ಕೆಳಗಿನಿಂದ ಚಳಿ

ಮೇಲೆ ಎರಡು ಕಂಬಳಿ ಹೊದ್ದರೂ ಬೆನ್ನು ಕೊರೆಯುತ್ತದೆ ಎನ್ನುವವರು ಬಹಳ. ಹಾಸಿಗೆಯೊಳಗಿನ ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ. ಹೊರಳಾಡಿದಂತೆಲ್ಲ ಕಲಕಿ, ಮೈಯ ಬಿಸಿಯನ್ನು ತಣ್ಣನೆಯ ನೆಲಕ್ಕೂ ಅಂಚಿಗೂ ಒಯ್ದು ಬಿಡುತ್ತಿರುತ್ತದೆ. ಮಲಗುವ ಚೀಲದ ಅಡಿಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗಿ ಬಿಸಿ ಹಿಡಿಯುವುದಿಲ್ಲ. ಆದ್ದರಿಂದ ತಡೆ ಬೇಕಾದದ್ದು ಹಾಸಿಗೆ ಮತ್ತು ಮೈಯ ನಡುವೆ. 8ರಿಂದ 10 ಮಿ.ಮೀ. ದಪ್ಪದ, ನೀರು ಹೀರದ ಫೋಮ್ ಮ್ಯಾಟನ್ನು ಹಾಸಿಗೆಯ ಮೇಲೆ ಹಾಸಿ, ಅದರ ಮೇಲೆ ಉಣ್ಣೆಯ ಕಂಬಳಿ. ಇರುವ ಎರಡು ಕಂಬಳಿಯಲ್ಲಿ ಒಂದನ್ನು ಕೆಳಗೆ ಹಾಕಿದರೆ ಎರಡನ್ನೂ ಹೊದ್ದದ್ದಕ್ಕಿಂತ ಬೆಚ್ಚಗಿರುತ್ತದೆ.

ಚಳಿ ತಡೆಯದೆ ಎಂಜಿನ್ ಓಡಿಸಿಕೊಂಡು ಮಲಗುವುದು, ಒಳಗೆ ಗ್ಯಾಸ್ ಒಲೆ ಅಥವಾ ಕೆಂಡ ಇಟ್ಟುಕೊಳ್ಳುವುದು, ಇವೆರಡನ್ನೂ ಎಂದೂ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಸೈಲೆನ್ಸರ್ ಹುಲ್ಲಿಗೋ ಹಿಮಕ್ಕೋ ಗೋಡೆಗೋ ಒತ್ತಿ ನಿಂತ ಕಾರಿನಲ್ಲಿ ಹೊಗೆ ಒಳಗೆ ಬರಲು ಸಣ್ಣ ಸಂದಿ ಸಾಕು. ಕಿಟಕಿ ಸ್ವಲ್ಪ ತೆರೆದಿದೆ ಎನ್ನುವ ಧೈರ್ಯವೂ ಬೇಡ.

ಬೆಳಗ್ಗೆ ಎಲ್ಲ ಒದ್ದೆ

ಗಾಜಿನಿಂದ ನೀರು ಇಳಿದು ಹಾಸಿಗೆಯ ಅಂಚು ತೊಯ್ದಿದ್ದರೆ ಮಳೆ ಸೋರಿದ್ದಲ್ಲ, ನಿಮ್ಮ ಉಸಿರು. ಒಬ್ಬರು ಒಂದು ರಾತ್ರಿಗೆ ಉಸಿರು ಮತ್ತು ಬೆವರಿನಲ್ಲಿ ಒಂದೆರಡು ಲೋಟದಷ್ಟು ನೀರು ಬಿಡುತ್ತಾರೆ. ಎದುರುಬದುರು ಮೂಲೆಯ ಎರಡು ಕಿಟಕಿಗಳನ್ನು 2ರಿಂದ 3 ಸೆಂ.ಮೀ. ಇಳಿಸಿ, ಒಂದು ಮುಂದೆ, ಇನ್ನೊಂದು ಅದರ ಅಡ್ಡ ಮೂಲೆಯಲ್ಲಿ ಹಿಂದೆ. ಒಂದೇ ಕಿಟಕಿ ತೆರೆದರೆ ಗಾಳಿ ಹರಿಯುವುದಿಲ್ಲ. ಸೊಳ್ಳೆಗೆ ಬಲೆ, ಮಳೆಗೆ ಕಿಟಕಿಯ ಮೇಲಿನ ವೈಸರ್ ಇರಲಿ. ಒದ್ದೆ ಟವೆಲ್, ಒದ್ದೆ ಶೂ ಒಳಗೆ ಬೇಡ.

ಹಾಸಿಗೆಯ ಹೊಟ್ಟೆ ಉಬ್ಬುವುದು

ಸಮವಾಗಿದ್ದ ಮೇಲ್ಮೈಯಲ್ಲಿ ಒಂದು ದಿನ ಕುಂಬಳಕಾಯಿಯಂತೆ ಗಡ್ಡೆ ಏಳುತ್ತದೆ. ಮೇಲಿನ ಹಾಳೆಯನ್ನೂ ಕೆಳಗಿನ ಹಾಳೆಯನ್ನೂ ಹಿಡಿದಿದ್ದ ಒಳಪಟ್ಟಿ ಕಿತ್ತಿದೆ. ಹೊರಗೆ ಗಾಳಿ ಸೋರದು, ಸೋಪಿನ ನೀರಿಗೂ ಸಿಗದು. ಒಂದು ಪಟ್ಟಿ ಕಿತ್ತ ಮೇಲೆ ಅದರ ಭಾರ ಪಕ್ಕದ ಪಟ್ಟಿಯ ಮೇಲೆ ಬಿದ್ದು ಅದೂ ಕೀಳುತ್ತದೆ. ಇದಕ್ಕೆ ರಿಪೇರಿ ಇಲ್ಲ, ವಾರಂಟಿ ಇದ್ದರೆ ಕೇಳಿ, ಇಲ್ಲದಿದ್ದರೆ ಬದಲಾಯಿಸಿ.

ಇದಕ್ಕೆ ಕಾರಣ ಬಹುಮಟ್ಟಿಗೆ ಹಗಲಿನಲ್ಲಿ ಇರುತ್ತದೆ. ಊದಿಸಿದ ಹಾಸಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋದರೆ, ಒಳಗೆ 60 ಡಿಗ್ರಿ ಮುಟ್ಟಿದಾಗ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರಲು ನೋಡುತ್ತದೆ, ಅದೇ ಹೊತ್ತಿಗೆ ಪಿವಿಸಿ ಬಿಸಿಗೆ ಮೆತ್ತಗಾಗಿರುತ್ತದೆ. ಬೆಟ್ಟ ಹತ್ತುವಾಗಲೂ ಇದೇ ಪಾಡು. ಸಮುದ್ರಮಟ್ಟದಿಂದ 1000 ಮೀಟರ್ ಏರಿದರೆ ಹೊರಗಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐಗೂ ಹೆಚ್ಚು ಇಳಿಯುತ್ತದೆ, ಮುಚ್ಚಿದ ಹಾಸಿಗೆ ಅಷ್ಟೂ ಹೊರಗೆ ಒತ್ತುತ್ತದೆ. ಹಾಗಾಗಿ ಎದ್ದ ಕೂಡಲೇ ಮೂರರಲ್ಲಿ ಒಂದು ಪಾಲು ಗಾಳಿ ಬಿಡಿ. ಕಾರು ಹೊರಡುವುದಾದರೆ ಪೂರ್ತಿ ಬಿಡಿ, ಒರೆಸಿ, ಅಡಿಭಾಗವನ್ನು ಮೇಲೆ ಮಾಡಿ ಗಾಳಿಗೆ ಒಣಗಿಸಿ, ಆಮೇಲೆ ವಾಲ್ವಿನ ಎದುರು ತುದಿಯಿಂದ ಸಡಿಲವಾಗಿ ಸುತ್ತಿಕೊಂಡು ಬನ್ನಿ. ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಚಿದರೆ ಆ ಗೆರೆಯೇ ಮುಂದೆ ಸೀಳುತ್ತದೆ.